ಸಾಬಮ್ಮನ ಸಾಕ್ಷಿ

ಆ ದಿನ ಕಾರು ನಡೆಸುತ್ತಿದ್ದವಳು ನಾನು. ನಮ್ಮ ಮನೆಯವರಲ್ಲ — ನಾನು. ಪೊಲೀಸರ ಕಾಗದದಲ್ಲಿ, ವಿಮೆಯ ಅರ್ಜಿಯಲ್ಲಿ, ಕೋರ್ಟಿನ ತೀರ್ಪಿನಲ್ಲಿ ಎಲ್ಲ ಕಡೆಯೂ ಅವರ ಹೆಸರೇ ಇದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನದನ್ನು ಹಾಗೇ ಇರಗೊಟ್ಟೆ. ಸಾಬಮ್ಮ ಎಂಬ ಹೆಂಗಸಿನ ಕಾಲು ನನ್ನಿಂದ ಹೋಯಿತು. ಆಮೇಲೆ ಅವಳ ಮಾತಿಗಿದ್ದ ಬೆಲೆಯೂ ನನ್ನಿಂದಲೇ ಹೋಯಿತು. ಮೊದಲನೆಯದು ಕೈಮೀರಿ ಆದದ್ದು ಎಂದು ಬೇಕಾದರೆ ಹೇಳಬಹುದು. ಎರಡನೆಯದು — ಅದನ್ನು ನಾನು ಕೋರ್ಟಿನ ಬೆಂಚಿನ ಮೇಲೆ ಕುಳಿತು, ಕಣ್ಣು ತೆರೆದುಕೊಂಡೇ ಆಗಗೊಟ್ಟೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆಯವರಿಗೆ ವಾಡಿಯಲ್ಲಿ ಆಫೀಸಿನ ಕೆಲಸ. ನಾನು ಚಿತ್ತಾಪುರದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಮಾವನವರು ಮಠದ ಪೂಜೆ ಮಾಡಿಕೊಂಡಿದ್ದವರು. ಅತ್ತೆಯವರ ಮಡಿ ಎಂದರೆ ಗಾಳಿಯೂ ಕೇಳಿಕೊಂಡೇ ಒಳಗೆ ಬರಬೇಕು. ಅಂಥ ಮನೆಗೆ ಒಂದು ಹಳೆಯ ಬಿಳಿ ಕಾರು ಬಂತು. ನಾನೂ ಕಲಿಯುತ್ತೇನೆ ಎಂದೆ. ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ “ಕಾಲ ಕೆಟ್ಟದ” ಎಂದರು. ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡೆ.

ಕಲಿಯುವವರ ಲೈಸೆನ್ಸಿಗೆ ಹೋದಾಗ ಇನ್‌ಸ್ಪೆಕ್ಟರು ನನ್ನನ್ನು ಒಮ್ಮೆ, ನಮ್ಮವರನ್ನು ಒಮ್ಮೆ ನೋಡಿ ಕೇಳಿದರು: “ಅಪಘಾತ ಆದ್ರ ಡ್ರೈವರ್ ಏನ್ ಮಾಡಬೇಕ್ರೀ, ಹೇಳ್ರಿ ನೋಡೂಣು?” ನಾನು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದೆ. ಗಾಡಿ ನಿಲ್ಲಿಸಬೇಕು, ಓಡಿಹೋಗಬಾರದು. ಗಾಯಗೊಂಡವರನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು. ಪೊಲೀಸರು ಕೇಳಿದ್ದನ್ನು ಮುಚ್ಚಿಡದೆ ಹೇಳಬೇಕು; ಅಲ್ಲಿ ಪೊಲೀಸರಿಲ್ಲದಿದ್ದರೆ ಇಪ್ಪತ್ನಾಲ್ಕು ತಾಸಿನೊಳಗೆ ಹತ್ತಿರದ ಠಾಣೆಗೆ ಹೋಗಿ ತಿಳಿಸಬೇಕು. ವಿಮೆಯವರಿಗೂ ತಿಳಿಸಬೇಕು. “ಶಾಬಾಸ್, ಗಂಡಸರಿಗೂ ಇಷ್ಟು ಬರೂದಿಲ್ಲ” ಎಂದರು ಅವರು. ಮನೆ ಮುಟ್ಟುವವರೆಗೂ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದಾಗಿ ಎರಡು ತಿಂಗಳಿಗೆ, ಒಂದು ಐತವಾರ ಮಧ್ಯಾಹ್ನ, ವಾಡಿಯಿಂದ ಚಿತ್ತಾಪುರಕ್ಕೆ ಹೊರಟಿದ್ದೆವು. ನಾನು ನಡೆಸುತ್ತಿದ್ದೆ, ಅವರು ಪಕ್ಕದಲ್ಲಿ. ಕಾರಿನ ಹಿಂದೆ ಮುಂದೆ ಕೆಂಪು ‘ಎಲ್’ ಅಕ್ಷರದ ಬೋರ್ಡು. ಎದುರಿಗೆ ಸಿಮೆಂಟಿನ ಲಾರಿ ಬಂತು, ಅದರ ಹಿಂದೆ ಧೂಳು. ನಾನು ಅಂಚಿಗೆ ಸರಿದೆ. ಅಂಚಿನಲ್ಲಿ ಒಬ್ಬ ಹೆಂಗಸು, ತಲೆಯ ಮೇಲೆ ಬುಟ್ಟಿ. ನಮ್ಮೆದುರಿಗೇ ನಡೆದು ಬರುತ್ತಿದ್ದವಳು ನೋಡಿದಳು — ಗಾಜಿನಾಚೆ ಅವಳ ಕಣ್ಣು, ಈಚೆ ನನ್ನ ಕಣ್ಣು. ಬ್ರೇಕ್ ಒತ್ತಬೇಕಿತ್ತು. ನಾನು ಎಕ್ಸಲರೇಟರ್ ಒತ್ತಿದೆ.

ರಸ್ತೆ ತುಂಬ ಮೀನು. ಕಾಗಿಣಾ ನದಿಯಲ್ಲಿ ಹಿಡಿದ ಮೀನನ್ನು ವಾಡಿಗೆ ಹೊತ್ತು ತಂದು ಮಾರುವವಳು ಆಕೆ. ಎಡಗಾಲು ಮೊಣಕಾಲ ಕೆಳಗೆ — ಅದನ್ನು ಬರೆಯಲಾರೆ. ನಮ್ಮವರು ಇಳಿದು ಓಡಿ ಬಂದು ನನ್ನ ಕಡೆಯ ಬಾಗಿಲು ತೆಗೆದರು. ಅವರ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

“ನೀ ಇಳಿ. ಹಿಂದ ಕೂಡು, ಆಕಿ ತಲಿ ಹಿಡ್ಕೊ. ಯಾರ್ ಕೇಳಿದ್ರೂ ಗಾಡಿ ನಾ ಹೊಡೀಲಿಕತ್ತಿದ್ದೆ. ನಮ್ಮ ಮನಿ ಹೆಣ್ಮಕ್ಳು ಠಾಣಾ ಮೆಟ್ಟಲ ಹತ್ತೂದು ಬ್ಯಾಡ.”

ಇಷ್ಟೇ ಮಾತು. ನಾನು ಇಳಿದೆ. ಇಳಿದೆ ಅಂದರೆ — ಒಪ್ಪಿದೆ. ಅವರು ಎರಡೂ ಬೋರ್ಡು ಕಿತ್ತು ಸೀಟಿನ ಕೆಳಗೆ ತಳ್ಳಿದರು.

ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ನೋವು ಅವಳದು, ಅಳು ನನ್ನದು! ಅವಳು ಹಲ್ಲು ಕಚ್ಚಿಕೊಂಡೇ ಕೈಯೆತ್ತಿ ನನ್ನ ಗದ್ದ ಮುಟ್ಟಿ ಹೇಳಿದಳು: “ಅಂಜಬ್ಯಾಡ ನನ್ನವ್ವ. ನೀ ಬೇಕಂತ ಹಾಯಿಸಿಲ್ಲ, ನಾ ನೋಡೀನಿ.”

ನಾ ನೋಡೀನಿ ಎಂದಳು. ನಡೆಸಿದ್ದು ಯಾರೆಂದು ಗೊತ್ತಿದ್ದೂ ನನ್ನನ್ನೇ ಸಂತೈಸಿದಳು. ಆ ಕೈಯ ಮೀನಿನ ವಾಸನೆ ನನ್ನ ಗದ್ದಕ್ಕೆ ಹತ್ತಿತು. ಆವತ್ತು ಮನೆಗೆ ಬಂದಾಗ ಅತ್ತೆ ಹಿತ್ತಲಲ್ಲೇ ತಲೆಗೆ ನೀರು ಹೊಯ್ದು, ಸೀರೆಯನ್ನು ಹೊರಗೆ ಹಾಕಿಸಿದರು.

ಉಳಿದದ್ದನ್ನೆಲ್ಲ ಕಾನೂನು ಹೇಳಿದಂತೆಯೇ ಮಾಡಿದೆವು. ಗಾಡಿ ನಿಲ್ಲಿಸಿದ್ದೆವು. ದವಾಖಾನೆಗೆ ಒಯ್ದೆವು, ಅಲ್ಲಿಂದ ಗುಲಬರ್ಗಾಕ್ಕೂ ಜೊತೆಗೆ ಹೋದೆವು. ಹೊತ್ತು ಮುಳುಗುವ ಮೊದಲೇ ನಮ್ಮವರು ಠಾಣೆಗೆ ತಿಳಿಸಿದರು. ವಿಮೆಗೂ ಬರೆದರು. ಹಾಲಿನ ಕೊಡಕ್ಕೆ ಒಂದು ಹನಿ ಹುಳಿ ಸಾಕು ಅನ್ನುತ್ತಾರಲ್ಲ — ನಡೆಸಿದ್ದು ಯಾರು ಎನ್ನುವ ಆ ಒಂದು ಹನಿ.

ಇನ್ನೂ ನಾಚಿಕೆಯ ಸಂಗತಿ ಹೇಳುತ್ತೇನೆ. ಆ ಸುಳ್ಳು ಬೇಕಾಗಿಯೇ ಇರಲಿಲ್ಲ. ಬೋರ್ಡು ಹಾಕಿದ ಗಾಡಿಯನ್ನು, ಲೈಸೆನ್ಸ್ ಇದ್ದವರು ಪಕ್ಕದಲ್ಲಿದ್ದಾಗ, ಕಲಿಯುವವಳು ನಡೆಸಬಹುದು. ಕಾನೂನೇ ನನಗೆ ಅಷ್ಟು ಜಾಗ ಕೊಟ್ಟಿತ್ತು. ತಪ್ಪಿಗೆ ದಂಡವೋ ಶಿಕ್ಷೆಯೋ ಆಗುತ್ತಿತ್ತು, ಆಗಲಿ. ಇದು ನನಗೆ ಆಗಲೇ ಗೊತ್ತಿತ್ತು — ಲೈಸೆನ್ಸಿನ ನಿಯಮದ ಪುಸ್ತಕ ಬಾಯಿಪಾಠ ಮಾಡಿದವಳು ನಾನು! ನಮ್ಮವರು ಅಂಜಿದ್ದು ಕಾನೂನಿಗಲ್ಲ, ಮಂದಿಗೆ. ನಾನು ಅವರ ಆ ಅಂಜಿಕೆಯ ಹಿಂದೆ ಹಾಯಾಗಿ ಅವಿತುಕೊಂಡೆ.

ಕೇಸು ಕೋರ್ಟಿಗೆ ಬರಲು ಎರಡು ವರ್ಷ ಹಿಡಿಯಿತು. ಸಾಬಮ್ಮ ಕಂಕುಳಲ್ಲಿ ಬಡಿಗೆ ಊರಿಕೊಂಡು ಬಂದಳು. ಪೊಲೀಸರು ಬರೆದುಕೊಂಡ ಆಕೆಯ ಹೇಳಿಕೆಯ ಕಾಗದದಲ್ಲಿ ನಮ್ಮವರ ಹೆಸರಿತ್ತು. ಓದಲು ಬಾರದವಳು, ಕೆಳಗೆ ಹೆಬ್ಬೆಟ್ಟು ಒತ್ತಿದ್ದಳು. ಕಟಕಟೆಯಲ್ಲಿ ನಿಂತು ಆಕೆ ಕೈ ತೋರಿಸಿದ್ದು ಹಿಂದಿನ ಬೆಂಚಿನಲ್ಲಿ ಕುಳಿತ ನನ್ನ ಕಡೆಗೆ.

“ಈ ಅಮ್ಮ ಹೊಡೀಲಿಕತ್ತಿದ್ಲ್ರಿ. ಬೇಕಂತ ಮಾಡಿಲ್ರಿ. ನನ್ನ ತಲಿ ತೊಡಿ ಮ್ಯಾಲ ಇಟ್ಕೊಂಡು ಬಂದಾಳ್ರಿ.”

ನಮ್ಮ ವಕೀಲರು ನಕ್ಕರು. “ನಿಮ್ಮ ಸೀಮಿಯೊಳಗ ಹೆಂಗಸರು ಕಾರು ಹೊಡೆಯೂದು ಯಾವತ್ತರ ನೋಡಿಯೇನವಾ?”

“ಇಲ್ರೀ ಸಾಹೇಬ್ರ. ಆವತ್ತ ಒಂದ ದಿನ ನೋಡೀನ್ರಿ.”

ಕೋರ್ಟಿಗೆ ಕೋರ್ಟೇ ನಕ್ಕಿತು. ನಗದೇ ಇದ್ದವರು ಮೂರು ಮಂದಿ. ಸಾಬಮ್ಮ, ನಮ್ಮವರು, ನಾನು. ನನ್ನನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ ನಿಜ. ಆದರೆ ಎದ್ದು ನಿಲ್ಲಲು ಕಾಲಿದ್ದವು, ಎರಡೂ ಗಟ್ಟಿಯಾಗಿದ್ದವು. ಸೆರಗು ಸರಿಮಾಡಿಕೊಂಡೆ. ನೆಲ ನೋಡಿದೆ.

ಕಾಗದದಲ್ಲೊಂದು, ಬಾಯಲ್ಲೊಂದು — ಈಕೆಯ ಮಾತು ನಂಬಲು ಬರುವುದಿಲ್ಲ ಎಂದು ತೀರ್ಪಾಯಿತು. ನಮ್ಮವರು ಬಿಡುಗಡೆಯಾದರು. ವಿಮೆಯವರೂ ಅದನ್ನೇ ಹಿಡಿದು ವಾದಿಸಿದರು. ತಪ್ಪು ಯಾರದೇ ಇದ್ದರೂ ಕೊಡಲೇಬೇಕಾದ ಕನಿಷ್ಠ ಪರಿಹಾರವಷ್ಟೇ ಆಕೆಗೆ ಸಿಕ್ಕಿತು. ಆಮೇಲಿನ ಸುದ್ದಿ ನಮ್ಮ ಶಾಲೆಯ ಜವಾನನಿಂದ ತಿಳಿಯುತ್ತಿತ್ತು, ಅವನದೂ ಸಾಬಮ್ಮನ ಊರೇ. ರಸ್ತೆಯಲ್ಲಿ ಯಾವ ಮೋಟಾರು ಹೋದರೂ ಮಂದಿ, “ಸಾಬವ್ವ, ಒಳಗ ಯಾರ್ ಕುಂತಾರ ನೋಡಬೇ” ಎಂದು ಕೆಣಕುತ್ತಾರಂತೆ. ಹೊಲದ ಬದುವಿನ ಜಗಳಕ್ಕೂ ಆಕೆಯ ಸಾಕ್ಷಿ ಯಾರಿಗೂ ಬೇಡವಂತೆ. ಜವಾನ ಇದನ್ನು ತಮಾಷೆ ಎಂದುಕೊಂಡು ಹೇಳುತ್ತಿದ್ದ. ನಾನು ಹಾಜರಿ ಪುಸ್ತಕದ ಮೇಲೆ ತಲೆ ಬಗ್ಗಿಸುತ್ತಿದ್ದೆ.

ಕೊನೆಯ ಕಾಯಿಲೆಯಲ್ಲಿ ನಮ್ಮವರು ಒಂದು ಮುಂಜಾನೆ, ಏನೂ ಸಂಬಂಧವಿಲ್ಲದೆ, “ಆಕಿ ಖರೇನ ಹೇಳಿದ್ಲು” ಎಂದರು. ಯಾರು ಎಂದು ನಾನು ಕೇಳಲಿಲ್ಲ. “ಸುಮ್ಮನ ಮಲಗ್ರಿ” ಎಂದೆ. ಪ್ರೀತಿಯಿಂದ ಸುಳ್ಳು ಹೇಳಿದ ಮನುಷ್ಯ, ಅದನ್ನು ಇಳಿಸಿಕೊಳ್ಳಲು ಒಂದು ದಾರಿ ಹುಡುಕುತ್ತಿದ್ದರು. ಅದಕ್ಕೂ ನಾನು ಅಡ್ಡ ನಿಂತೆ. ಅವರ ವರ್ಷಾಬ್ದಿಕ ಮುಗಿದ ಮೇಲೆ ಸಾಬಮ್ಮನ ಊರಿನ ಬಸ್ಸು ಹತ್ತಿದೆ. ಗಂಡ ತೀರಿಕೊಳ್ಳುವವರೆಗೆ ಕಾದ ಈ ಧೈರ್ಯ ಎಂಥ ಧೈರ್ಯ, ನೀವೇ ಹೇಳಿ.

ಆಕೆ ಬಾಗಿಲ ಮುಂದೆ ಉಳಿದ ಒಂದು ಕಾಲು ಚಾಚಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಕೂದಲು ನೆರೆತಿತ್ತು. ನಾನು ಬಾಯಿ ತೆರೆಯುವ ಮೊದಲೇ ಗುರುತು ಹಿಡಿದಳು, ಮೊರ ಕೆಳಗಿಟ್ಟಳು, ಎರಡೂ ಕೈ ಜೋಡಿಸಿದಳು.

“ನಂದ ತಪ್ಪಾಯ್ತ್ರಿ ಅಮ್ಮಾ. ಸಾಹೇಬರ ಮುಂದ ನಿಮ್ಮ ಮ್ಯಾಲ ಕೈ ಮಾಡಿ ತೋರಿಸಿದೆ. ಕಾಲಿನ ಬ್ಯಾನ್ಯಾಗ ಕಣ್ಣಿಗಿ ಏನೇನೋ ಕಂಡಿತ್ತೇನೋ. ಎಲ್ಲಾರೂ ಹಂಗ ಅಂತಾರ. ಈಗ ನನಗೂ ಹಂಗ ಅನಸ್ತದ.”

ಮಂದಿ ನಂಬದಿದ್ದುದು ಗೊತ್ತಿತ್ತು. ಆಕೆಯೇ ತನ್ನ ಕಣ್ಣನ್ನು ನಂಬುವುದು ಬಿಟ್ಟಿದ್ದಾಳೆಂದು — ಅದು ನನಗೆ ಹೊಳೆದೇ ಇರಲಿಲ್ಲ. ಆಕೆ ಜೋಡಿಸಿದ ಕೈಗಳನ್ನು ಹಿಡಿದು ಬಿಡಿಸಿದೆ.

“ನಿನ್ನ ಕಣ್ಣಿಗಿ ಕಂಡಿದ್ದು ಖರೇನ ಸಾಬಮ್ಮ. ಗಾಡಿ ನಾನ ಹೊಡೀಲಿಕತ್ತಿದ್ದೆ. ಕೋರ್ಟಿನ್ಯಾಗ ನಾ ಬಾಯಿ ಮುಚ್ಕೊಂಡು ಕುಂತೆ.”

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಆಕೆ ಒಳಗೆ ತಿರುಗಿ ಸೊಸೆಯನ್ನು ಕೂಗಿದಳು. “ಬಾರಬೇ ಇಲ್ಲಿ, ಲಗೂನ ಬಾ.” ನನಗೆ ಹೇಳಿದಳು: “ಇನ್ನೊಮ್ಮಿ ಹೇಳ್ರಿ ಅಮ್ಮಾ.”

ಹೇಳಿದೆ. ಆಮೇಲೆ ಪಕ್ಕದ ಮನೆಯವಳು ಬಂದಳು. ಇನ್ನೊಮ್ಮೆ. ಎದುರಿನ ಕಿರಾಣಿ ಅಂಗಡಿಯವನು ಬಂದ, ಎಲ್ಲರಿಗಿಂತ ಹೆಚ್ಚು ಕೆಣಕಿದವನು ಅವನೇ ಎಂದು ಆಕೆ ತೋರಿಸಿದಳು. ಇನ್ನೊಮ್ಮೆ. ಕಿವಿ ಮಂದವಾದ ಒಬ್ಬ ಮುದುಕ ಬಂದ. “ಜೋರ್ ಹೇಳ್ರಿ, ಅವಗ ಕೇಳಸೂದಿಲ್ಲ.” ತರಗತಿಯ ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ನನ್ನ ದನಿ ಅಲ್ಲಿ ಎದುರಿಗೆ ಕುಳಿತ ಮುದುಕನಿಗೂ ಮುಟ್ಟಲಿಲ್ಲ, ಆಕೆ ನನ್ನ ಬೆನ್ನು ಸವರಿ ನೀರು ಕುಡಿಸಿ ಮತ್ತೆ ಹೇಳಿಸಿದಳು. ಅದರಲ್ಲಿ ಸೇಡು ಇರಲಿಲ್ಲ. ಹಬ್ಬದ ದಿನ ಬಂದವರಿಗೆಲ್ಲ ಕರೆದು ಕರೆದು ಬಡಿಸುವವಳ ಸಂಭ್ರಮವಿತ್ತು.

ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಸಂಜೆಯ ಬಸ್ಸಿಗೆ ಬಡಿಗೆ ಊರಿಕೊಂಡು ರಸ್ತೆಯವರೆಗೂ ಬಂದಳು. ನಾನು ಹತ್ತಿದೆ. ಕಂಡಕ್ಟರು ಸೀಟಿ ಬಾಯಿಗಿಟ್ಟುಕೊಂಡ. ಆಗ ಸಾಬಮ್ಮ ಬಸ್ಸಿನ ಬಾಗಿಲಿಗೆ ಅಡ್ಡಲಾಗಿ ತನ್ನ ಬಡಿಗೆ ಹಿಡಿದಳು.

“ಒಂದೀಟ ತಡೀಪಾ. ಈ ಅಮ್ಮ ಏನೋ ಹೇಳ್ತಾಳ, ಕೇಳ್ರಿ ಎಲ್ಲಾರೂ.”

ಬಸ್ಸು ತುಂಬ ಜನ. ಹಿಂದೆ ಮುಂದೆ ಏನೂ ಗೊತ್ತಿಲ್ಲದವರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಂಬಿ ಹಿಡಿದುಕೊಂಡು ನಿಂತೆ, ಕೆಳಗೆ ನಿಂತ ಅವಳ ಮುಖ ನೋಡಿದೆ, ಮೊದಲಿನಿಂದ ಹೇಳತೊಡಗಿದೆ.