ಮೂರನೇ ಕಲ್ಲಿನ ಬ್ಯಾನರು

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಹಾಜರಿದ್ದವರು ನಾನು ಮತ್ತು ಪಕ್ಕದ ಮನೆಯ ಸುಮ. ಹತ್ತಕ್ಕೆ ಬಾ ಎಂದಿದ್ದೆ, ಹತ್ತಕ್ಕೇ ಬಂದಳು. ಈ ಕಾಲದಲ್ಲಿ ಅದೂ ಬರೆದಿಡಬೇಕಾದ ಸಂಗತಿ. ಹೊಸ ನೈಟಿಯ ಅಂಚು ಹಿಡಿದು, "ಟೀಚರೇ, ಒಂದೇ ಒಂದು ನೂಲು ಎಳ್ದೆ ನೋಡಿ, ಸರ್ರಂತ ಪೂರ್ತಿ ಬಿಚ್ಕೊಂಡ್ ಬಂತು" ಎಂದಳು. ಅವಳಿಗೆ ಅಳು, ನನಗೆ ನಗು. ಯಾಕೆಂದು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಳಸದ ಆಚೆ, ಹೊಳೆ ದಂಡೆಯ ಒಂದು ಊರಿನಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದೆ. ಸರ್ಕಾರದ ತರಗತಿ, ಎರಡು ಮಷಿನ್ನು, ಹನ್ನೊಂದು ಮಂದಿ. ಎರಡು ಗಂಟೆಗೆ ಹಾಜರಿ, ಎರಡೂ ಐದಕ್ಕೆ ಬಂದವರು ಹೊರಗೆ. ಉಗುರಿನಲ್ಲಿ ಕೊಳೆ ಕಂಡರೆ ತೊಳೆದು ಬರಬೇಕು. ಕಾಫಿ ಹಣ್ಣು ಕುಯ್ಯುವವರ ಉಗುರಿನ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟು ಬುದ್ಧಿವಂತೆ ನಾನು.

ಆ ಊರಿಗೊಂದು ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಬೇಕಿತ್ತು. ಶಾಲೆ ಹೊಳೆಯ ಆಚೆ, ಮಕ್ಕಳು ಈಚೆ. ಮಳೆ ಹಿಡಿಯಿತೆಂದರೆ ಮೂರು ತಿಂಗಳು ಶಾಲೆಯಿಲ್ಲ. ಶಾಸಕರು ಬಹಳ ಕಾಳಜಿಯವರು, ಚುನಾವಣೆ ಹತ್ತಿರ ಬಂದಾಗಲೆಲ್ಲ ಬಂದು ಸಂಕಕ್ಕೆ ಶಂಕುಸ್ಥಾಪನೆ ಮಾಡುತ್ತಿದ್ದರು. ಕಲ್ಲು ನೆಡುವುದು, ತೆಂಗಿನಕಾಯಿ ಒಡೆಯುವುದು, ಜೀಪು ಹತ್ತುವುದು. ಇನ್ನೂ ನಾಲ್ಕಾರು ಚುನಾವಣೆ ಕಾದಿದ್ದರೆ ಆ ಕಲ್ಲುಗಳ ಮೇಲೇ ಕಾಲಿಟ್ಟು ಹೊಳೆ ದಾಟಬಹುದಿತ್ತು. ಮೊದಲ ಎರಡು ಸಲವೂ "ಸುಸ್ವಾಗತ" ಎಂದು ಬಟ್ಟೆಯ ಬ್ಯಾನರು ಹೊಲಿಸಿ ಕೊಟ್ಟವಳು ನಾನೇ. ಒತ್ತಕ್ಷರ ಕೊಂಚ ಓರೆಯಾಗಿದ್ದಕ್ಕೆ ಬಿಚ್ಚಿಸಿ ಮತ್ತೆ ಹೊಲಿಸಿದ್ದೆ. ಹೊಳೆಯ ಕಡೆ ತಿರುಗಿಯೂ ನೋಡಿರಲಿಲ್ಲ.

ಮೂರನೆಯ ಸಲ ಆ ಕೆಲಸವನ್ನು ಗಿರಿಜಾ ವಹಿಸಿಕೊಂಡಳು. ಎಸ್ಟೇಟಿನ ಆಳು, ನನ್ನ ತರಗತಿಯಲ್ಲಿ ಅವಳಷ್ಟು ಚೊಕ್ಕ ಕೈ ಇನ್ನೊಂದಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅವಳ ಮಗಳಿಗೆ ಶಾಲೆ ತಪ್ಪಿ, ಪರೀಕ್ಷೆಯೂ ತಪ್ಪಿ, ಹುಡುಗಿ ಮನೆಯಲ್ಲೇ ಕೂತಿದ್ದಳು.

ಸಭೆಯ ಹಿಂದಿನ ಸಂಜೆ, ನನ್ನ ನಿಯಮದಂತೆ, ಬ್ಯಾನರು ಪರೀಕ್ಷಿಸಲು ಕೂತೆ. ಬಟ್ಟೆ ಎರಡು ಪದರ. "ಸುಸ್ವಾಗತ" ಇದ್ದ ಮೇಲಿನ ಬಟ್ಟೆಯನ್ನು ಕೆಳಗಿನದಕ್ಕೆ ಕೊಕ್ಕೆಸೂಜಿಯ ಸರಪಳಿ ಹೊಲಿಗೆಯಲ್ಲಿ ಸೇರಿಸಿದ್ದಳು. ಗೊಬ್ಬರದ ಚೀಲದ ಬಾಯಿಗೆ ಹಾಕಿರುತ್ತಾರಲ್ಲ, ಅದೇ ಬಗೆ. ಕೊನೆಯ ಕುಣಿಕೆಗೆ ಗಂಟು ಹಾಕದಿದ್ದರೆ ಒಂದು ಎಳೆತಕ್ಕೆ ಅಷ್ಟೂ ಬಿಚ್ಚಿಕೊಳ್ಳುತ್ತದೆ. ಗಂಟು ಇರಲಿಲ್ಲ.

"ಗಿರಿಜಾ, ಗಂಟು ಮರೆತೆಯಲ್ಲ?"

"ಮರ್ತಿಲ್ಲ ಟೀಚರೇ" ಎಂದಳು.

ನಾನು ಕನ್ನಡಕ ಒರೆಸಿಕೊಂಡು ಬ್ಯಾನರು ಮಡಿಸಿಟ್ಟೆ. ನನ್ನ ಶೌರ್ಯ ಅಷ್ಟೇ.

ಮರುದಿನ ಶಾಸಕರು ವೇದಿಕೆಯ ಮೇಲೆ "ನಾನು ಮಾತು ಕೊಟ್ರೆ ಕೊಟ್ಟ ಹಾಗೆ" ಎನ್ನುತ್ತಿದ್ದಾಗ ಗಿರಿಜಾ ನೂಲು ಎಳೆದಳು. ಸುಸ್ವಾಗತ ಜಾರಿ ಅವರ ಕುರ್ಚಿಯ ಮೇಲೆ ಬಿತ್ತು. ಅದರ ಅಡಿಯಲ್ಲಿ ಮೊಳದುದ್ದದ ಅಕ್ಷರಗಳು: "ಇದು ಮೂರನೇ ಕಲ್ಲು. ಸಂಕ ಎಲ್ಲಿ?" ಬೆನ್ನ ಹಿಂದೆ ಏನಾಯಿತೆಂದು ತಿಳಿಯದ ಶಾಸಕರು, ಜನ ನಗುವುದನ್ನು ಕಂಡು ತಾವೂ ನಕ್ಕು ಕೈಮುಗಿದರು. "ಇತ್ಲಾಗಲ್ಲ ಮಾರಾಯ್ರೆ, ಹಿಂದೆ ತಿರುಗಿ ಓದಿ!" ಎಂದು ಯಾರೋ ಕೂಗಿದರು. ಓದಿದರು. ಆ ದಿನ ತೆಂಗಿನಕಾಯಿ ಒಡೆಯದೆಯೇ ಜೀಪು ಹತ್ತಿದರು.

ವಾರದೊಳಗೆ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ. ಕಾಗದ ಟೈಪು ಮಾಡಿಸಿಯೇ ತಂದಿದ್ದ: "ಗಿರಿಜಾ ಎಂಬವರ ಹೊಲಿಗೆಯ ಲೋಪದಿಂದ ಬಟ್ಟೆ ಕಳಚಿರುತ್ತದೆ."

"ಕೆಳಗಿದ್ದ ಬರಹ?" ಎಂದೆ.

"ಅದನ್ನ ಮೇಲಿನವ್ರು ಕೇಳಿಲ್ಲ ಮೇಡಂ. ಬಟ್ಟೆ ಯಾಕೆ ಬಿತ್ತು ಅಂತಷ್ಟೇ ಕೇಳಿದಾರೆ. ನೀವು ಸೈನ್ ಮಾಡಿದ್ರೆ ಕ್ಲಾಸು ಉಳಿಯುತ್ತೆ, ನಿಮ್ ಕೆಲಸಾನೂ."

ಸಹಿ ಮಾಡಿದೆ. ನನ್ನ ಸಹಿ ಯಾವಾಗಲೂ ನೇರ ಗೆರೆಯಲ್ಲಿರುತ್ತದೆ, ಅಂದೂ ಹಾಗೇ ಇತ್ತು.

ಕಿಟಕಿಯ ಹೊರಗೆ ನಿಂತಿದ್ದವರಿಂದ ಸುದ್ದಿ ಆಗಲೇ ಊರೆಲ್ಲ ಹರಡಿತ್ತು. ಮರುದಿನ ಎರಡಕ್ಕೆ ಸರಿಯಾಗಿ ಗಿರಿಜಾ ಬಾಗಿಲಲ್ಲಿ ನಿಂತಳು. "ನನ್ಗೆ ಸೊಕ್ಕು ಅಂತ ಬರೀಬೋದಿತ್ತು ಟೀಚರೇ. ಬೇಕಂತ್ಲೇ ಮಾಡಿದ್ಳು ಅಂತ ಬರ್ದಿದ್ರೂ ಒಪ್ಕೋತಿದ್ದೆ. ಹೊಲಿಗೆ ಸರಿ ಇಲ್ಲ ಅಂತ ಬರ್ದ್ರಲ್ಲ" ಎಂದಳು. ತರಗತಿಯ ಕತ್ತರಿಯನ್ನು ಮೇಜಿನ ಮೇಲಿಟ್ಟು ಹೋದಳು. ಮತ್ತೆ ಬರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಸಂಕ ಬಂತು, ಶಾಸಕರ ಹೆಸರಿನ ಫಲಕದ ಸಮೇತ. ಆ ಸಂಕ ತರಿಸಿದವಳ ಹೆಸರು ಸರ್ಕಾರದ ಕಡತದಲ್ಲಿರುವುದು ಒಂದೇ ಕಡೆ: ನಾನು ಸಹಿ ಹಾಕಿದ ಕಾಗದದಲ್ಲಿ, ಹೊಲಿಗೆ ಬಾರದವಳೆಂದು. ಆಮೇಲೆ ಈ ಕತೆಯನ್ನು ಎಷ್ಟೋ ಮದುವೆಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಯಾವಾಗಲೂ ಜೀಪು ಹೊರಡುವಲ್ಲಿಗೆ ನಿಲ್ಲಿಸುತ್ತಿದ್ದೆ. ಶಾಸಕರನ್ನು ಆಡಿಕೊಳ್ಳಲು ಏನು ಕಷ್ಟ?

ಇವತ್ತು ಊಟದ ನಂತರ ಮಲಗಲಿಲ್ಲ. ನಿವೃತ್ತಳಾದ ಮೇಲೆ ಎರಡರಿಂದ ಮೂರರವರೆಗಿನ ನಿದ್ದೆ ತಪ್ಪಿದ್ದು ಇದೇ ಮೊದಲು. ಗಿರಿಜಾ ಈಗ ಮಲ್ಲಂದೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆಂದು ಕೇಳಿದ್ದೆ. "ನಿನ್ನ ಹೊಲಿಗೆಯಲ್ಲಿ ಲೋಪವಿರಲಿಲ್ಲ. ಹಿಂದಿನ ಸಂಜೆ ನಾನೇ ಪರೀಕ್ಷಿಸಿದ್ದೆ. ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದೆ" ಎಂದು ಬರೆದು ಹೆಸರು ಹಾಕಿದೆ. ಮನೆಯಲ್ಲಿ ಕವರು ಇತ್ತು. ದಾರಿಯಲ್ಲಿ ಯಾರು ಬೇಕಾದರೂ ಓದಿಕೊಳ್ಳಲಿ ಎಂದು ಬರೆದದ್ದು ಪೋಸ್ಟ್ ಕಾರ್ಡಿನಲ್ಲೇ. ನಾಲ್ಕೂಕಾಲಿಗೆ ಅಂಚೆ ಡಬ್ಬಿಗೆ ಹಾಕಿ ಬಂದೆ.