ಹಿಂದೆ ಸರಿಯುವ ಡ್ಯೂಟಿ

ಗುಂಡಿನ ಸದ್ದು ನಮ್ಮ ಕಡೆಯವರಿಗೆ ಹೊಸದಲ್ಲ. ಗದ್ದೆಗೆ ಹಂದಿ ಇಳಿದರೆ ಯಾರೋ ಒಬ್ಬರು ಈಡು ಹೊಡೆಯುತ್ತಾರೆ, ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ. ಆದರೆ ಹಾಡಹಗಲಲ್ಲಿ ಮನುಷ್ಯನ ಮೇಲೆ ಹಾರಿದ ಗುಂಡನ್ನು ನಾನು ನೋಡಿದ್ದು ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ. ಕೈಯಲ್ಲಿ ಕಾಫಿ ಲೋಟ ಇತ್ತು.

ಸಾಗರದಿಂದ ತೀರ್ಥಹಳ್ಳಿಯ ಅಕ್ಕನ ಮನೆಗೆ ಹೊರಟಿದ್ದೆ. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸಬೇಕು. ಮುಂದಿನ ಬಸ್ಸು ಯಾವಾಗ? (ಉತ್ತರ ಗೊತ್ತಿದ್ದವರು ಡ್ರೈವರ್ ಒಬ್ಬರೇ. ಅವರು ಊಟಕ್ಕೆ ಹೋಗಿದ್ದರು.) ಸರಿ, ಎದುರಿನ ಹೋಟೆಲಿನ ಬೆಂಚಿನಲ್ಲಿ ಕೂತೆ.

ಆ ಹೋಟೆಲಿನ ಮುಂದೆ ಸೊಂಟದೆತ್ತರದ ಒಂದು ಹಲಸಿನ ಕೊರಡು ಹೂತಿದ್ದಾರೆ. ಮೈತುಂಬ ಕಚ್ಚು. ನಮ್ಮಲ್ಲಿ ಗಂಡಸರು ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸದೆ ಮನೆ ಬಿಡುವುದುಂಟೆ? ಕಾಫಿಗೆ ಬಂದವರು ಅದನ್ನು ತೆಗೆದು ಕೊರಡಿಗೆ ಒಂದೇಟು ಕಚ್ಚಿಸಿ ಒಳಗೆ ಹೋಗುತ್ತಾರೆ. ಹೊರಡುವಾಗ ಕಿತ್ತುಕೊಳ್ಳುತ್ತಾರೆ. ನೆಲಕ್ಕೆ ಮಾತ್ರ ಯಾರೂ ಹಾಕುವುದಿಲ್ಲ. ಜಲ್ಲಿಗೆ ತಾಗಿದರೆ ಕತ್ತಿಯ ಬಾಯಿ ಹೋಗುತ್ತದೆ. ನಡೆದಾಡುವವರ ಕಾಲಿಗೂ ಸಿಗುತ್ತದೆ.

ಅವತ್ತು ಆ ಕೊರಡಿಗೆ ಒರಗಿ ಒಬ್ಬ ಪೊಲೀಸು ನಿಂತಿದ್ದ. ಹೆಗಲಲ್ಲಿ ರೈಫಲ್. ಎಲ್ಲೋ ಬಂದೋಬಸ್ತ್ ಡ್ಯೂಟಿ ಮುಗಿಸಿ ಶಿವಮೊಗ್ಗಕ್ಕೆ ವಾಪಸ್ಸು ಹೊರಟವನು. ಕೋಲಾರದ ಕಡೆಯ ಹುಡುಗ, ಮೀಸೆ ಈಗಷ್ಟೇ ದಪ್ಪಗಾಗುತ್ತಿತ್ತು.

“ಏನ್ ಸ್ವಾಮಿ ನಿಮ್ಮೂರು, ಎಲ್ರೂ ಕತ್ತಿ ಇಟ್ಕೊಂಡೇ ತಿರುಗ್ತಾರಲ್ಲ?” ಎಂದು ಹೋಟೆಲಿನವರನ್ನು ಕೇಳಿದ.

“ಮತ್ತೆ ಸೊಪ್ಪು ಹಲ್ಲಲ್ಲಿ ಕಡಿಯಕ್ಕೆ ಆಗ್ತದಾ ಮಾರಾಯ್ರೆ?” ಎಂದರು ಅವರು.

ಹುಡುಗನಿಗೂ ಮಾತು ಹಿಡಿಸಿತು. ಆದರೆ ಕೊರಡು ಬಿಟ್ಟು ಆಚೆ ನಿಲ್ಲಿ ಎಂದು ಯಾರೂ ಹೇಳಲಿಲ್ಲ. ರೈಫಲ್ ಹೊತ್ತವರಿಗೆ ಹಾಗೆ ಹೇಳುವವರು ಯಾರು?

ಅಷ್ಟರಲ್ಲಿ, ಬೆಳೆಗೆ ನುಗ್ಗಿದ ದನಗಳನ್ನು ಕೂಡಿಹಾಕುವ ದೊಡ್ಡಿ ಇದೆಯಲ್ಲ, ಅದನ್ನು ಕಾಯುವವನು ಓಡಿಬಂದ. “ಕಡಿತಾನೆ! ಹಿಡೀರಿ, ನನ್ನ ಕಡಿತಾನೆ!” ಎನ್ನುತ್ತಾ ಸೀದಾ ಹೋಟೆಲಿನ ಒಳಗೆ ಹೋಗಿ ಅವಿತುಕೊಂಡ.

ಬೆನ್ನಿಗೇ ಇನ್ನೊಬ್ಬ ಬಂದ. ಕೈಯಲ್ಲಿ ಕತ್ತಿ. ಹೆಸರು ಹೂವಪ್ಪ ಎಂದು ಆಮೇಲೆ ತಿಳಿಯಿತು. ಅವನ ಹಸುವನ್ನು ಯಾರೋ ದೊಡ್ಡಿಗೆ ಹೊಡೆದಿದ್ದರು. ಮನೆಯಲ್ಲಿ ಎಳೆಗರು. ಬಿಡಿಸಿಕೊಳ್ಳಲು ಬಂದರೆ ದೊಡ್ಡಿಯವನು ನಾಳೆ ಬಾ ಎಂದನಂತೆ. ಹೂವಪ್ಪ ಸಿಟ್ಟಿಗೆ ದೊಡ್ಡಿ ಬಾಗಿಲಿನ ಹಗ್ಗ ಕಡಿದ. ಕತ್ತಿ ಕಂಡು ದೊಡ್ಡಿಯವನು ಓಟ ಕಿತ್ತ. ಜಗಳ ಮುಗಿದಿರಲಿಲ್ಲವಲ್ಲ, ಹೂವಪ್ಪ ಹಿಂದೆಯೇ ಬಂದ.

“ಕರು ಸತ್ರೆ ನಿನ್ನಪ್ಪ ತಂದ್ಕೊಡ್ತಾನೇನೋ? ಬಾ ಹೊರಗೆ!”

ಹುಡುಗ ರೈಫಲ್ ಎತ್ತಿದ. “ಏಯ್, ನಿಲ್ಲು! ಕತ್ತಿ ಕೆಳಗೆ ಹಾಕು!”

ಹೂವಪ್ಪ ನಿಂತ. ಬಂದೂಕು ನೋಡಿದ, ಜಲ್ಲಿ ನೋಡಿದ, ಕೊರಡು ನೋಡಿದ. “ಇಡ್ತೀನಿ ಮಾರಾಯ್ರೆ, ಇಡ್ತೀನಿ” ಎನ್ನುತ್ತಾ ಮುಂದೆ ಬಂದು ಕತ್ತಿ ಎತ್ತಿದ.

ಯಾವುದಕ್ಕೆ? ಕೊರಡಿಗೆ. ಕೊರಡಿನ ಪಕ್ಕದಲ್ಲಿ ಯಾರು? ಆ ಹುಡುಗ.

ಗುಂಡು ಬಲಭುಜ ಹೊಕ್ಕು ಆಚೆ ಹೋಯಿತು. ಹೂವಪ್ಪನನ್ನು ಯಾವುದೋ ಲಾರಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಕರೆದೊಯ್ದರು. ಬದುಕಿದ್ದಾನೆ.

ಹುಡುಗ ಬಂದು ನನ್ನ ಪಕ್ಕ ಬೆಂಚಿನಲ್ಲಿ ಕೂತ. “ನೀವು ನೋಡಿದ್ರಲ್ಲಮ್ಮ? ನನ್ ಮೇಲೇ ಎತ್ತಿದ, ಅಲ್ವಾ?” ನಾನು ನೀರು ಕೊಟ್ಟೆ.

ಅಲ್ಲಿಗೆ ಮುಗಿಯಲಿಲ್ಲ. ಹೂವಪ್ಪನ ಮೇಲೆ ಕೊಲೆಯತ್ನದ ಕೇಸು ಬಿತ್ತು. ಹುಡುಗ ಸಸ್ಪೆಂಡ್ ಆಗಿ ಅವನ ಮೇಲೂ ವಿಚಾರಣೆ ಶುರುವಾಯಿತು. ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು ನಾನು. ಪೊಲೀಸಿನ ಮೇಲೆ ಕತ್ತಿ ಎತ್ತಿದ ಎಂದು ನಾನು ಹೇಳಿದರೆ ಹೂವಪ್ಪ ಜೈಲಿಗೆ. ಅಲ್ಲ ಎಂದರೆ ಹುಡುಗನ ಕೆಲಸ ಹೋಗುತ್ತದೆ. ಎಂಥ ಕಾಫಿ ಕುಡಿದೆನಪ್ಪಾ ಅನ್ನಿಸಿತು.

ಅಕ್ಕನ ಗಂಡ ತೀರ್ಥಹಳ್ಳಿಯಲ್ಲಿ ವಕೀಲರು. ಅವರ ಮನೆ ಜಗಲಿಯಲ್ಲಿ ಎರಡು ದಿನ ಇದೇ ಚರ್ಚೆ.

“ಅದ್ರಲ್ಲಿ ಯೋಚ್ನೆ ಮಾಡೋದು ಎಂತ ಇದೆ?” ಎಂದರು ಭಾವ. “ಕೈಗೆಟುಕೋ ದೂರದಲ್ಲಿ ಎತ್ತಿದ ಕತ್ತಿ. ಕೊರಡಿಗೋ ಕುತ್ತಿಗೆಗೋ ಅಂತ ವಿಚಾರಿಸ್ತಾ ನಿಂತ್ರೆ, ವಿಚಾರಿಸಕ್ಕೆ ಕುತ್ತಿಗೆನೇ ಇರಲ್ಲ. ಪೊಲೀಸಿಗೂ ಒಬ್ಳು ತಾಯಿ ಇರ್ತಾಳೆ.”

ಮಾತು ಸುಳ್ಳೇ? ಅಲ್ಲ. ಹೂವಪ್ಪನಷ್ಟು ಸಾಧು ಅಲ್ಲದ ಮನುಷ್ಯ ಬಂದಿದ್ದರೆ ಅವತ್ತು ಲಾರಿಯಲ್ಲಿ ಮಲಗುತ್ತಿದ್ದವನು ಆ ಹುಡುಗ.

ಅಕ್ಕ ಮೆಟ್ಟುಗತ್ತಿಯ ಮೇಲೆ ಕೂತು ಬಾಳೆದಿಂಡು ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. “ಆ ಬಸ್‌ಸ್ಟ್ಯಾಂಡು ನಾ ನೋಡಿಲ್ವಾ? ಹಿಂದೆ ಅಷ್ಟು ಬಯಲು ಬಿದ್ದಿದೆ. ಸರಿಯಕ್ಕೆ ಅವ್ನಿಗೆ ಕಾಲಿರ್ಲಿಲ್ವಾ?”

“ದೊಡ್ಡಿಯವನನ್ನ ಬಿಟ್ಟು ಓಡ್ಬೇಕಿತ್ತಾ?”

“ಓಡು ಅಂದವ್ರು ಯಾರು? ದೊಡ್ಡಿಯವ್ನು ಆಗ್ಲೇ ಒಳಗೆ ಸೇರಿದ್ನಂತೆ. ಇವ್ನು ಸ್ವಲ್ಪ ಸರಿದು ನಿಂತು ಎಂತ ವಿಷ್ಯ ಅಂತ ಕೇಳಿದ್ರೆ ಗಂಟು ಹೋಗ್ತಿತ್ತಾ?”

“ಪೊಲೀಸು ಹಿಂದೆ ಸರಿದ್ರೆ ಊರು ನಗ್ತದೆ ಮಾರಾಯ್ತಿ. ನಾಳೆ ಅವ್ನ ಮಾತು ಯಾರು ಕೇಳ್ತಾರೆ?”

“ನಗ್ಲಿ. ನಗೆ ತಾಗಿ ಸತ್ತವರನ್ನ ನಾ ಕಂಡಿಲ್ಲ.”

ಭಾವ ಪೇಪರ್ ಎತ್ತಿಕೊಂಡರು. (ಕೋರ್ಟಿನಲ್ಲೂ ಹೀಗೇ ಮಾಡುತ್ತಾರೋ ಏನೋ.)

ಆದರೆ ಭಾವನ ಪರವಾಗಿಯೂ ಒಂದು ಮಾತು ಹೇಳಬೇಕು. ಅಕ್ಕನಿಗೆ ಈ ಉಪಾಯ ಹೊಳೆದದ್ದು ಬಾಳೆದಿಂಡು ಹೆಚ್ಚುತ್ತಾ ಕೂತಾಗ. ಆ ಹುಡುಗನಿಗೆ ಸಿಕ್ಕಿದ್ದು ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಅಷ್ಟರಲ್ಲಿ ಯಾರೂ ಯೋಚಿಸುವುದಿಲ್ಲ. ಕಲಿತದ್ದನ್ನು ಮಾಡುತ್ತಾರೆ. ಹಾಗಾದರೆ ಅವನಿಗೆ ಕಲಿಸಿದ್ದೇನು?

ಕಳೆದ ಮಂಗಳವಾರ ಸಾಗರದಲ್ಲಿ ನನ್ನ ಹೇಳಿಕೆ ತೆಗೆದುಕೊಂಡರು. ವಿಚಾರಣೆಗೆ ಬಂದ ಅಧಿಕಾರಿ ಸಮಾಧಾನದ ಮನುಷ್ಯ.

“ಕತ್ತಿ ಎತ್ತಿದ್ದು ನಿಜಾನಾ ತಾಯಿ?”

“ನಿಜ.”

“ಯಾರ ಮೇಲೆ?”

“ಕೊರಡಿನ ಮೇಲೆ.” ನಮ್ಮ ಕಡೆ ಕತ್ತಿ ಎಲ್ಲಿ, ಹೇಗೆ ಇಡುತ್ತಾರೆ ಎಂದು ವಿವರಿಸಿದೆ. ತಾಳ್ಮೆಯಿಂದ ಕೇಳಿದರು.

“ಅದು ನಮ್ಮ ಕಾನ್‌ಸ್ಟೇಬಲ್‌ಗೆ ಗೊತ್ತಾಗೋ ಹಾಗಿತ್ತಾ?”

“ಇಲ್ಲ. ಅವನ ಜಾಗದಲ್ಲಿ ನಾನಿದ್ದಿದ್ರೂ ಹೆದರ್ತಿದ್ದೆ.”

ಅವರ ಪೆನ್ನು ನಿಂತಿತು. “ಇಬ್ಬರದೂ ತಪ್ಪಿಲ್ಲ ಅಂತ ಬರ್ಕೊಳ್ಳಲಾ ಹಾಗಾದ್ರೆ?”

“ನಾನು ನೋಡಿದ್ದು ಹೇಳಿದ್ದೀನಿ, ಅದನ್ನ ಬರ್ಕೊಳ್ಳಿ. ಒಂದು ಮಾತು ಕೇಳ್ಲಾ? ಕತ್ತಿ ಹಿಡಿದವನು ಎದುರಿಗೆ ಬಂದ್ರೆ ಹಿಂದೆ ಸರಿಯೋದು ನಿಮ್ಮ ಟ್ರೈನಿಂಗಿನಲ್ಲಿ ಉಂಟಾ?”

“ಎಚ್ಚರಿಕೆ ಕೊಡೋದು ಹೇಳಿಕೊಡ್ತೀವಿ. ಗುರಿ ಇಡೋದು ಹೇಳಿಕೊಡ್ತೀವಿ. ಹಿಂದೆ ಸರಿಯೋದು...” ಪೆನ್ನಿನ ಕ್ಯಾಪು ಹಾಕಿದರು. “ಜನ ಏನಂತಾರೆ ತಾಯಿ?”

ನನ್ನ ಹೇಳಿಕೆಯಿಂದ ಹೂವಪ್ಪನ ಮೇಲಿನ ಕೇಸು ಬಿದ್ದುಹೋಗಬಹುದು ಎನ್ನುತ್ತಾರೆ ಭಾವ. ಹುಡುಗನ ವಿಷಯ ಅವರೂ ಹೇಳಲಾರರು. ಒಬ್ಬನಿಗೆ ಬಲಗೈ ಇನ್ನೂ ಭುಜದಿಂದ ಮೇಲೆ ಏಳುತ್ತಿಲ್ಲ. ಇನ್ನೊಬ್ಬ ಕೆಲಸವಿಲ್ಲದೆ ಕೋಲಾರದಲ್ಲಿ ಕೂತಿದ್ದಾನೆ.

ಜನ ಏನಂತಾರೆ ಎಂಬ ಅಧಿಕಾರಿಯ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು. ಜನ ಎಂದರೆ ಯಾರು? ಬೆಂಚಿನಲ್ಲಿ ಕೂತಿದ್ದ ನಾನು, ಹೋಟೆಲಿನವರು, ಇದನ್ನು ಓದುತ್ತಿರುವ ನೀವು.

ಕತ್ತಿ ಹಿಡಿದ ರೈತನೊಬ್ಬನ ಎದುರು ರೈಫಲ್ ಹಿಡಿದ ಪೊಲೀಸು ಹಿಂದೆ ಹಿಂದೆ ಹೆಜ್ಜೆ ಇಟ್ಟಿದ್ದರೆ, ನಿಜ ಹೇಳಿ, ನಾವು ನಗದೆ ಇರುತ್ತಿದ್ದೆವೆ?