ಮರೆತದ್ದು ಕುರಿಯಲ್ಲ

ಮೂಲ ಧ್ವನಿಮುದ್ರಣವನ್ನು ಅಳಿಸಿದವನು ನಾನು. ಅಳಿಸಿ, ಇದೆ ಎಂದೆ. ನಾಲ್ಕು ವರ್ಷ ಆ ಸುಳ್ಳನ್ನು ಹಾಗೇ ಬಿಟ್ಟೆ.

ನಾನು ಮಂಡ್ಯದಲ್ಲಿ ಪತ್ರಿಕಾ ವರದಿಗಾರ. ಮಳವಳ್ಳಿ ಕಡೆಯ ಬಂಡೂರಿನ ಕುರಿಗಳ ಬಗ್ಗೆ ಬರೆಯಲು ಹೋದಾಗ, ಅಲ್ಲಿ ಕುರಿ ಸಾಕುತ್ತಿದ್ದ ಕೆಂಪಮ್ಮ ತಮ್ಮ ಮಂದೆಯನ್ನು ಕರೆಯುವ ಸದ್ದನ್ನು ರೆಕಾರ್ಡ್ ಮಾಡಿಕೊಂಡೆ. ಅದರಲ್ಲಿ ಪದವಿರಲಿಲ್ಲ. ಮುಂದಿನ ಹಲ್ಲು ಬಿದ್ದ ಸಂದಿಯಿಂದ ಹೊರಡುವ ಒಂದು ತೆಳು ಎಳೆ — ಸಿಳ್ಳೆಯಲ್ಲ, ಬರೀ ಉಸಿರೂ ಅಲ್ಲ. ಸರಿಯಾಗಿ ಬಂದಿದೆಯೇ ನೋಡೋಣವೆಂದು ಅಲ್ಲೇ ರೆಕಾರ್ಡರಿನಲ್ಲಿ ಹಾಕಿದೆ.

ಮೇಯುತ್ತಿದ್ದ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಪಕ್ಕದಲ್ಲಿದ್ದ ಕೆಂಪಮ್ಮನನ್ನು ದಾಟಿ, ನನ್ನ ಅಂಗೈಯ ಕಡೆಗೆ ನಡೆದು ಬಂದವು.

"ಲೇ ಬಡ್ಡೆತ್ತವಾ, ನಾನಿಲ್ಲಿವ್ನಿ ಕಣ್ರಲಾ!" ಕೆಂಪಮ್ಮ ನಕ್ಕರು. "ನೋಡಪ್ಪ, ಇವ್ಕೆ ನನ್ ಮೊಕ ಬ್ಯಾಡ, ದನಿ ಸಾಕು."

ಒಂದು ಉಸಿರನ್ನು ಇಷ್ಟು ಇಡಿಯಾಗಿ ಹಿಡಿಯಬಹುದೇ — ಮೂಕಪ್ರಾಣಿ ನಂಬಿ ಬರುವಷ್ಟು?

ಆ ಮುದ್ರಣ ದನಿಯಲ್ಲಿ ಏನನ್ನೂ ಕಳೆಯದ ವೇವ್ ಫೈಲ್. ಪತ್ರಿಕೆಯ ವೆಬ್‌ಸೈಟಿಗೆ ಅದು ತೀರಾ ದೊಡ್ಡದಾಯಿತು. ಎಂಪಿ3ಗೆ ಇಳಿಸಿದೆ, ಆದಷ್ಟು ಚಿಕ್ಕದಾಗಿ. ಮನುಷ್ಯರ ಕಿವಿಗೆ ಬೇಡವಾದದ್ದನ್ನು ಕಿತ್ತುಹಾಕಿಯೇ ಅದು ಫೈಲನ್ನು ಕುಗ್ಗಿಸುತ್ತದೆ. ಇದು ನನಗೆ ಗೊತ್ತಿತ್ತು. ಎರಡನ್ನೂ ಕೇಳಿದೆ, ವ್ಯತ್ಯಾಸ ತಿಳಿಯಲಿಲ್ಲ. ಮರುದಿನ ಮದ್ದೂರಿನ ಸಭೆಗೆ ಮೆಮೊರಿ ಕಾರ್ಡಿನಲ್ಲಿ ಜಾಗ ಬೇಕಿತ್ತು. ವೇವ್ ಅಳಿಸಿದೆ. ಅದನ್ನು ಕೇಳಬೇಕಾದದ್ದು ಯಾರ ಕಿವಿ ಎಂದು ಯೋಚಿಸಲೇ ಇಲ್ಲ...

ಕೆಂಪಮ್ಮ ತೀರಿಕೊಂಡ ಮೇಲೆ ಮಗಳು ಜಯಮ್ಮ ಫೋನ್ ಮಾಡಿದರು. "ಅಣ್ಣಾ, ಅವ್ವನ್ ದನಿ ಪೂರ್ತಿ ಅದಾ?"

"ಪೂರ್ತಿ ಇದೆ. ಏನೂ ಹೋಗಿಲ್ಲ."

ಅದೇ ರೆಕಾರ್ಡರಿಗೆ ಎಂಪಿ3 ತುಂಬಿಕೊಂಡು ಬಂಡೂರಿಗೆ ಹೋದೆ. ಕುರಿ ರೊಪ್ಪದ ಬೇಲಿಯ ಬಳಿ ನಿಂತು ಜಯಮ್ಮ ಹಾಕಿದರು. ಕುರಿಗಳು ಮೇವು ಅಗಿಯುತ್ತಲೇ ಇದ್ದವು. ಮತ್ತೆ ಹಾಕಿದರು. ಒಂದು ಕುರಿ ಕಿವಿ ಅಲುಗಿಸಿತು — ನೊಣಕ್ಕೋ ಏನೋ.

"ಮರ್ತ್ಬುಟ್ಟೊ ಕಣಣ್ಣಾ. ಮೂರ್ ತಿಂಗ್ಳಿಗೇ ಅವ್ವನ್ನ ಮರ್ತ್ಬುಟ್ಟೊ. ಇವುನ್ನ ಇನ್ಯಾಕ್ ಸಾಕ್ಲಿ?"

ಆಗ ಹೇಳಬಹುದಿತ್ತು. ಬಾಯಿ ಬರಲಿಲ್ಲ — ಇಲ್ಲ, ಬಾಯಿ ಇತ್ತು, ನಾನೇ ತೆರೆಯಲಿಲ್ಲ. ಮುಂದಿನ ವಾರ ಜಯಮ್ಮ ಮಂದೆಯನ್ನೆಲ್ಲ ಮಾರಿದರು.

ಪತ್ರಿಕೆಯಲ್ಲಿ ಒಂದು ಹೆಸರು ತಪ್ಪಾದರೂ ಮರುದಿನ ತಿದ್ದುಪಡಿ ಹಾಕಿಸುವವನು ನಾನು. ಕುರಿಗಳು ಬಾರದಿದ್ದುದಕ್ಕೆ ಎಂಪಿ3 ಕಿತ್ತುಹಾಕಿದ್ದೇ ಕಾರಣವೆಂದು ಪ್ರಮಾಣ ಮಾಡಲಾರೆ. ಆದರೆ ಅಂದು ರೆಕಾರ್ಡರಿನ ದನಿಗೆ ಅವು ತಲೆಯೆತ್ತಿದ್ದನ್ನು ಕಂಡವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಆ ಸಂಗತಿಯನ್ನೂ ಜಯಮ್ಮನಿಗೆ ಹೇಳಿಲ್ಲ.

ನಾಳೆ ಮಳವಳ್ಳಿ ಬಸ್ಸು ಹತ್ತುತ್ತೇನೆ. ಖಾಲಿ ರೊಪ್ಪದ ಮುಂದೆ ನಿಂತು ಹೇಳಬೇಕು: ಕುರಿಗಳು ನಿಮ್ಮವ್ವನನ್ನು ಮರೆತಿರಲಿಲ್ಲ, ಜಯಮ್ಮ. ನಾನು ತಂದದ್ದರಲ್ಲಿ ನಿಮ್ಮವ್ವ ಇರಲಿಲ್ಲ.